ಬದಲಾದ ಎರಡು ಚೀಲ

"ಮಿಯಾಂವ್!" ಎಂದಿತು ಪಕ್ಕದಲ್ಲಿ ಕುಳಿತಿದ್ದ ಹಿರಿಯರ ಚೀಲ. ನನ್ನ ಚೀಲವೂ ತಡಮಾಡದೆ ಉತ್ತರ ಕೊಟ್ಟಿತು.

ಅರವತ್ತರ ದಶಕದ ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡ್ ಅದು. ಹಾಲು ಕದಿಯುತ್ತಿದ್ದ ನಮ್ಮ ಬೆಕ್ಕು ಕೆಂಚಿಯನ್ನು ಅಮ್ಮನ ಅಪ್ಪಣೆಯಂತೆ, ದಾರಿಯ ಗುರುತು ಸಿಗದ ಹಾಗೆ ಗೋಣಿಚೀಲದಲ್ಲಿ ಕಟ್ಟಿ, ಬಿಟ್ಟು ಬರಲೆಂದು ಹೊಸನಗರದಿಂದ ತಂದಿದ್ದೆ. ಆ ಹಿರಿಯರು ಹೊಸನಗರದ ಬಸ್ಸಿಗೆ ಕಾಯುತ್ತಿದ್ದರು.

"ನಿಮ್ದೂ ಬಿಡಕ್ಕಾ?" ಎಂದು ನಕ್ಕರು. ಕೆಂಚಿಯ ಹಾಲಿನ ಕಳ್ಳತನ ಹೇಳಿದೆ. "ನಮ್ದು ಹಾಲು ಮುಟ್ಟಲ್ಲ ಮಾರಾಯ್ರೆ, ಆದ್ರೆ ಕೋಳಿಮರಿ ಒಂದನ್ನೂ ಉಳಿಸಲ್ಲ."

ನಮ್ಮ ಮನೆಯಲ್ಲಿ ಕೋಳಿಯಿಲ್ಲ, ಅವರ ಮನೆಯಲ್ಲಿ ಕರೆಯುವ ಹಸುವಿಲ್ಲ. ಇನ್ನೇನು ಬೇಕು? ನಿಂತಲ್ಲೇ ಚೀಲ ಬದಲಾಯಿಸಿಕೊಂಡು ಇಬ್ಬರೂ ಗೆದ್ದವರ ಹಾಗೆ ಮನೆಗೆ ಹೋದೆವು.

ಬಂದ ಬೆಕ್ಕು ಅನ್ನವನ್ನು ಮೂಸಿಯೂ ನೋಡಲಿಲ್ಲ. ಹೊಸ್ತಿಲಲ್ಲಿ ಕೂತು ಒಂದೇ ಸಮನೆ ಕೂಗಿತು. ಅಮ್ಮನೂ ಯಾಕೋ ಸಪ್ಪಗಿದ್ದಳು. ತಡೆಯಲಾರದೆ ಮುಂದಿನ ಸಂತೆಯ ದಿನ ಅದನ್ನು ಚೀಲಕ್ಕೆ ಹಾಕಿಕೊಂಡು ಹೋದರೆ, ಅದೇ ಜಾಗದಲ್ಲಿ ಅವರೂ ಚೀಲ ಹಿಡಿದು ಕೂತಿದ್ದರು!

"ನಮ್ ಬೆಕ್ಕು ಎಂತಾದ್ರೂ ತಿಂತಾ?" ಎಂಬುದೇ ಅವರ ಮೊದಲ ಮಾತು.

ಕೆಂಚಿ ಮನೆಗೆ ಮರಳಿದ ಸಂಜೆ ಹಾಲಿನ ತಪ್ಪಲೆಯ ಮುಚ್ಚಳ ಮತ್ತೆ ಪಕ್ಕಕ್ಕೆ ಸರಿದಿತ್ತು. ಈ ಸಲ ಸರಿಸಿದವಳು ಅಮ್ಮ.