ಫರಸಿಯ ಮರೆಯ ಗಂಧದ ಗಿಡ

ನಮ್ಮ ಮನೆಯಲ್ಲಿ ಶ್ರೀಗಂಧವನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಹೊಲದ ಬದುವಿನಲ್ಲಿ ತಂಗಡಿ, ಬಾರಿ ಕಂಟಿಗಳ ಪೊದೆಯ ನಡುವೆ ನಿಂತ ಅದನ್ನು ಅಜ್ಜಿ ‘ಆ ಗಿಡ’ ಎನ್ನುತ್ತಿದ್ದಳು. ಕಾಕಾನೂ ಹಾಗೇ ಎನ್ನುತ್ತಾನೆ. ಹೆಸರು ಬಾಯಿಗೆ ಬಂದರೆ ಕಳ್ಳನ ಕಿವಿಗೂ ಬೀಳುತ್ತದಂತೆ.

ಅಂಥ ಗಿಡದ ಬುಡದಲ್ಲಿ, ಹೋದ ದೀಪಾವಳಿ ಮುಗಿದ ಮೇಲೆ, ಗುರುತಿಲ್ಲದ ಹೆಣ್ಣುಮಗಳೊಬ್ಬಳು ಟೇಪು ಹಿಡಿದು ನಿಂತಿದ್ದಳು.

“ಸುತ್ತಳತಿ ತಗೊಳ್ಳಾಕತ್ತೀನ್ರಿ ಕಾಕಾ. ಅಳಿದು ಹೋಗೋ ಗಿಡಗಳ ಪಟ್ಟಿ ಮಾಡಾಕತ್ತೀವಿ.”

“ಅಂಗಿ ಹೊಲಿಸ್ತೀಯೇನವ್ವಾ ಅದಕ್ಕ?” ಎಂದ ಕಾಕಾ.

ಆಕೆ ನಕ್ಕು ಫೋಟೋ ತೆಗೆದುಕೊಂಡಳು. ನಾವು ನಗಲಿಲ್ಲ. ಗಂಧ ಕದಿಯುವವರೂ ಮೊದಲು ಹೀಗೇ ಹಗಲಲ್ಲಿ ಬಂದು ದಪ್ಪ ನೋಡಿಕೊಂಡು ಹೋಗುತ್ತಾರೆ. ನನ್ನ ಕಣ್ಣೆಲ್ಲ ಅವಳ ಚೀಲದ ಮೇಲೆ. ಗರಗಸ ಹಿಡಿಸುವಷ್ಟು ಉದ್ದವಿತ್ತು ಅದು.

ಕಳ್ಳ ಅಡಗಲು ಮರೆಯೇ ಇರಬಾರದೆಂದು ಮರುದಿನವೇ ನಾವಿಬ್ಬರೂ ಸುತ್ತಲಿನ ಕಂಟಿಯನ್ನೆಲ್ಲ ಕಿತ್ತೆವು. ಶಹಾಬಾದಿನಿಂದ ಫರಸಿ ಕಲ್ಲಿನ ಚಪ್ಪಡಿ ತರಿಸಿ, ಬುಡಕ್ಕೆ ಗರಗಸ ತಾಗದಂತೆ ಸುತ್ತಲೂ ಎದೆಮಟ್ಟಕ್ಕೆ ಗೋಡೆಯಂತೆ ನಿಲ್ಲಿಸಿದೆವು.

ಬೇಸಿಗೆಗೆ ಎಲೆ ಹಳದಿಯಾಯಿತು, ತುದಿ ಟೊಂಗೆಗಳು ಒಣಗಿದವು. ನೀರು ಹಾಕಿದರೂ ಅಷ್ಟೇ, ಗೊಬ್ಬರ ಹಾಕಿದರೂ ಅಷ್ಟೇ.

“ಆಕಿನೇ ಏನರ ಔಷಧ ಸುರದು ಹೋಗ್ಯಾಳ ನೋಡು. ಒಣಗಿದ್ದು ಕಡದ್ರ ಯಾರೂ ಕೇಳಂಗಿಲ್ಲಲ್ಲ,” ಎಂದ ಕಾಕಾ.

ನನಗೂ ಅದೇ ಅನುಮಾನವಿತ್ತು. ಮಳೆಗೆ ಮುಂಚೆ ಆಕೆ ಮತ್ತೆ ಬಂದಾಗ ಕಾಕಾ ದಾರಿಗೆ ಅಡ್ಡ ನಿಂತ.

“ಕಂಟಿ ಎಲ್ಲಿ ಹೋದ್ವು ಕಾಕಾ?”

“ಕಿತ್ತೀವಿ. ಯಾಕ, ನಿನಗ ಅಡಗಾಕ ಬೇಕಾಗಿದ್ವೇನು?”

“ನನಗಲ್ರಿ, ಗಿಡಕ್ಕ ಬೇಕಾಗಿದ್ವು. ಇದು ಮಗ್ಗಲ ಗಿಡದ ಬೇರು ಹಿಡ್ಕೊಂಡು ಉಣ್ಣತದ. ಒಂಟಿ ಬಿಟ್ರ ಸೊರಗತದ್ರಿ.”

ಕಾಕಾ ನಂಬಲಿಲ್ಲ. ಖುರಪಿ ತಂದು ತಾನೇ ನೆಲ ಕೆದಕಿದ. ನಾವು ಕೀಳುವಾಗ ಹರಿದು ಉಳಿದಿದ್ದ ತಂಗಡಿ ಬೇರಿನ ತುಂಡೊಂದು ಸಿಕ್ಕಿತು. ಗಂಧದ ಎಳೆಬೇರು ಅದನ್ನು ಅಂಗಿಗೆ ಗುಂಡಿ ಹಾಕಿದ ಹಾಗೆ ಕಚ್ಚಿ ಹಿಡಿದಿತ್ತು. ಒಣ ಬೇರನ್ನು!

ಕಾಕಾ ಅದರ ಮೇಲೆ ಮೆಲ್ಲಗೆ ಮಣ್ಣು ಎಳೆದ. “ಮಗ್ಗಲಕ್ಕ ತೊಗರಿ ಹಾಕಿದ್ರ ನಡೀತದೇನು?”

“ಭಾಳ ಚಲೋ ಆಗತದ್ರಿ.”

ಆಕೆ ಹೊರಟಾಗ ಕಾಕಾ ತಾನೇ ಕರೆದ: “ಪಟ್ಟಿಯೊಳಗ ಬರಕೋ ತಾಯಿ. ಆದ್ರ ಊರ ಹೆಸರು ಬ್ಯಾಡ.”

ಈಗ ತೊಗರಿ ಮೊಣಕಾಲುದ್ದ ಬೆಳೆದಿದೆ. ಗಿಡದ ಒಂದೇ ಟೊಂಗೆಯಲ್ಲಿ ಚಿಗುರು. ಸೇಡಂನಿಂದ ಚಿತ್ತಾಪುರಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಅದು ಕಾಣುತ್ತದೆ. ಎಡಕ್ಕೋ ಬಲಕ್ಕೋ ಎಂದು ಮಾತ್ರ ಬರೆಯಲಾರೆ. ಕಾಕಾ ಇದನ್ನು ಓದುತ್ತಾನೆ.