ನಿಂಬೆ ಸಸಿಯ ಕುಳ್ಳಿನ ಕಟ್ಟೆ

ಕಾಮಣ್ಣನ ಹಬ್ಬದ ಬೆಳಿಗ್ಗೆ ನಮ್ಮ ಮಾವನವರು ಅಂಗಳದ ನಿಂಬೆ ಸಸಿಯ ಪಕ್ಕ ಬಡಿಗೆ ಹಿಡಿದು ಕುಳಿತಿದ್ದರು. ಕೋಳಿ ಕೆದರದಿರಲೆಂದು ಅವರು ಸಸಿಯ ಸುತ್ತ ಸಗಣಿಯ ಕುಳ್ಳು ನಿಲ್ಲಿಸಿ ಕಟ್ಟೆ ಮಾಡಿದ್ದರು. ಕಾಮನನ್ನು ಸುಡಲು ಕುಳ್ಳು ಕದ್ದವರನ್ನು ಆ ದಿನ ಬೈಯುವಂತಿಲ್ಲ, ಕದ್ದದ್ದನ್ನು ತಿರುಗಿ ಕೇಳುವಂತೆಯೂ ಇಲ್ಲ.

ಓಣಿಯ ಗಂಡಸರು ಹಲಗಿ ಬಾರಿಸುತ್ತ ಬಂದರು. ಮುಂದಿದ್ದ ಬಸಪ್ಪ ತನ್ನ ಹಲಗಿಯನ್ನು ಮಾವನವರ ಕೈಗೇ ಕೊಟ್ಟ.

“ಕಾಕಾ, ನಿಮ್ಮಂಗ ಬಾರಿಸಾವ್ರು ಮಮದಾಪುರದಾಗ ಯಾರ ಅದಾರ್ರಿ? ಒಂದೀಟ ಕೇಳಸ್ರಿ.”

ಬಡಿಗೆ ಕೆಳಗೆ ಬಿತ್ತು. ಮಾವನವರು ಕಣ್ಣು ಮುಚ್ಚಿ ಬಾರಿಸತೊಡಗಿದರು. ಹಿಂದೆ ಕುಳ್ಳು ಒಂದೊಂದಾಗಿ ಎದ್ದು ಹೋಗುತ್ತಿದ್ದವು. ಬಾಗಿಲಲ್ಲಿದ್ದ ನಾನು ನೋಡಿದೆ. ಆದರೆ ಸೊಸೆಯಾದವಳು ಅಷ್ಟು ಗಂಡಸರ ಮುಂದೆ ಕೂಗುವುದು ಹೇಗೆ? ಹಲಗಿಯ ಚರ್ಮ ಹರಿದಾಗಲೇ ಅವರು ಕಣ್ಣು ತೆರೆದದ್ದು.

ಕಟ್ಟೆ ಹೋಗಿ ಬೋಳಾದ ಸಸಿಯನ್ನು ನೋಡಿದರು. ಹರಿದ ಚರ್ಮ ಕಿತ್ತೆಸೆದು, ಉಳಿದ ಹಲಗಿಯ ಕಬ್ಬಿಣದ ಬಳೆಯನ್ನು ಸಸಿಗೆ ತೊಡಿಸಿ ಮಣ್ಣಿನಲ್ಲಿ ಒತ್ತಿದರು.

“ಕಾಕಾ, ಹಲಗಿ ನಂದರಿ!” ಎಂದ ಬಸಪ್ಪ.

“ಇವತ್ತ ಕದ್ದದ್ದ ತಿರಗಿ ಕೇಳಬಾರದಪಾ,” ಎಂದರು ಮಾವನವರು.

ಆ ಬಳೆಯೊಳಗೇ ಗಿಡ ಬೆಳೆದು ಕಾಯಿ ಬಿಟ್ಟಿದೆ. ಓಣಿಯಲ್ಲಿ ಹಲಗಿಯ ಸದ್ದು ಕೇಳಿದರೆ ನಾನಿನ್ನೂ ಕುಳ್ಳು ಒಟ್ಟಿದ ಮೂಲೆಗೆ ಓಡುತ್ತೇನೆ. ಮಾವನವರು ಮಾತ್ರ ಬಾಗಿಲಿಗೆ ಹೋಗಿ ಹಲಗಿಗೆ ಕೈ ಚಾಚುತ್ತಾರೆ.