ಮಗ್ಗ ಬಿಟ್ಟು

ಇಳಕಲ್ಲಿನ ನಮ್ಮ ಮನೆ ಮಾರುವ ಮಾತಿಗೆ ನಾನು ಒಮ್ಮೆಯೂ ಅಡ್ಡ ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓಣಿಯವರು ಇವತ್ತಿಗೂ ಬೇರೆಯೇ ಹೇಳುತ್ತಾರೆ. ಜಾಗ ನನ್ನಪ್ಪ ಕೊಟ್ಟದ್ದು, ಗೋಡೆ ಗಂಡ ಕಟ್ಟಿಸಿದ್ದು, ಕಾಗದದಲ್ಲಿ ಇಬ್ಬರ ಹೆಸರೂ ಇತ್ತು. ಎಂಬತ್ತರ ದಶಕದ ಮೊದಲ ವರ್ಷಗಳವು. ಗಂಡ ಬಾದಾಮಿಯಲ್ಲಿ ಇನ್ನೊಬ್ಬಳ ಜೊತೆ ಮನೆ ಹೂಡಿದ್ದ. ನಾನು ಬಾಗಲಕೋಟೆ ಕೋರ್ಟಿನಲ್ಲಿ ಬಿಡುಗಡೆಗೆ ಅರ್ಜಿ ಹಾಕಿದ್ದೆ. ಮನೆ ಮಾರಿ ಹಂಚಿಕೊಳ್ಳೋಣ ಎಂದು ಮೊದಲು ಹೇಳಿದವಳೂ ನಾನೇ. ಅರ್ಜಿ ಹಾಕಿದ ದಿನದಿಂದ ಅವನನ್ನು 'ಅವರು' ಎನ್ನುವುದನ್ನೂ ಬಿಟ್ಟೆ. ಹತ್ತು ವರ್ಷ ಅಂದದ್ದು ಸಾಕಾಗಿತ್ತು.

ಜಗಳ ಬಂದದ್ದು ಮಗ್ಗಕ್ಕೆ. ನಡುಮನೆಯ ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ ಅದು. ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಸೀರೆ ನೆಯ್ದವಳು ನಾನು. ಅವನ ನೇಕಾರಿಕೆ ಎಂದರೆ ಸೀರೆಯನ್ನು ಸಾವಕಾರನಿಗೆ ಮುಟ್ಟಿಸಿ, ಚಹಾ ಕುಡಿದು ಬರುವುದು. ಈಗ ಅದೇ ಸಾವಕಾರನಿಗೆ ಮನೆಯನ್ನು ಮಗ್ಗದ ಸಮೇತ ಕೊಡುತ್ತೇನೆಂದು ಅವನು ಮಾತು ಕೊಟ್ಟು ಬಂದಿದ್ದ. ನನ್ನನ್ನು ಕೇಳಿರಲಿಲ್ಲ. ಮಗ್ಗ ಹೋದರೆ ನಾನು ಅಣ್ಣನ ಮನೆಯ ಮೂಲೆ ಸೇರಬೇಕಿತ್ತು, ಅತ್ತಿಗೆ ಹಾಕಿದಾಗ ಉಣ್ಣಬೇಕಿತ್ತು. ಅದಕ್ಕೆ ನಾನು ಹುಟ್ಟಿಲ್ಲ ಎಂದುಕೊಂಡೆ. ಮಾರಾಟದ ಕಾಗದದಲ್ಲಿ ಮಗ್ಗ ಬಿಟ್ಟು ಬರೆಯುವುದಾದರೆ ಸಹಿ, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಕಳಿಸಿದೆ.

ಒಂದು ಮುಂಜಾನೆ ಓಣಿಯ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಅವನೂ ಸಾವಕಾರನೂ ಬಂದರು. ಹಿರಿಯರು ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಶುರುಮಾಡಿದರು. ಜಗಳ ಶುರುವಾದ ಮೇಲೂ ನಾವು ನಾಲ್ಕು ವರ್ಷ ಉಂಡೂ ನೋಡಿದ್ದೆವು, ಮಲಗಿಯೂ ನೋಡಿದ್ದೆವು. ಹಾಗೆಂದೇ ಹೇಳಿದೆ. ಆಗ ಅವರು ನೇರ ಮಾತಿಗೆ ಬಂದರು.

"ಮಗ್ಗ ಒಯ್ದು ಏನ ಮಾಡ್ತಿ ತಂಗಿ? ತೆನಿ ಹಾಕಾಕ ಇಬ್ಬರ ಬೇಕು. ನೀ ಒಬ್ಬಾಕಿ ಆದಿ."

ನಮ್ಮ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೂಡುವ ಎಳೆಗಳು, ಬೇರೆ, ಕೆಂಪು ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕೊಂಡಿಗೆ ಕೊಂಡಿ ಸಿಕ್ಕಿಸಿ ಕೂಡಿಸಬೇಕು. ಅದೇ ತೆನಿ. ಒಬ್ಬರು ಕೊಂಡಿ ಹಿಡಿದರೆ ಎದುರು ಕೂತವರು ಎಳೆ ತೂರಿಸಬೇಕು, ಸೀರೆ ಸೀರೆಗೂ ಇದು ತಪ್ಪಿದ್ದಲ್ಲ. ನನ್ನೆದುರು ಕೂರುತ್ತಿದ್ದವನು ಗಂಡನೇ, ಮಗ್ಗದ ಬಳಿ ಅವನು ಮಾಡುತ್ತಿದ್ದ ಕೆಲಸ ಅದೊಂದೇ. ಅವನು ಹೋದ ಮೇಲೆ ಓಣಿಯವರನ್ನು ಬೇಡಿ ಕರೆಯುತ್ತಿದ್ದೆ. ಹಿರಿಯರ ಮಾತಿಗೆ ಅವನು ನಕ್ಕ. ಆ ನಗೆ ನನಗೆ ಉರಿ ಹತ್ತಿಸಿತು.

ಅವತ್ತು ಒಡಲಿನ ಹಾಸು ಹೂಡಿ ಆಗಿತ್ತು, ಸೆರಗಿನ ಹಾಸು ಪಕ್ಕದಲ್ಲೇ ಇತ್ತು. "ಕುಂದರ್ರಿ ಕಾಕಾ, ತೆನಿ ಹಾಕಿ ಆಮ್ಯಾಲ ಮಾತಾಡ್ತೇನಿ" ಎಂದು ಕೂತುಬಿಟ್ಟೆ. ಹಟದಲ್ಲಿ ಕೂತೆ, ನಿಜ. ಒಂದು ಕೈಯಲ್ಲಿ ಕೊಂಡಿ ಹಿಡಿದು ಇನ್ನೊಂದರಲ್ಲಿ ಎಳೆ ತೂರಿಸಿದೆ, ಹಲ್ಲಿನಲ್ಲಿ ಕಚ್ಚಿ ಎಳೆದೆ. ಹತ್ತು ಎಳೆ ಕೂಡುವಷ್ಟರಲ್ಲಿ ಎರಡು ಕಡಿದವು. ಸಾವಕಾರ ಗಡಿಯಾರ ನೋಡಿಕೊಂಡ. ನಾಚಿಕೆಯಾಯಿತು, ಆದರೂ ಏಳದೆ ಕಡಿದ ಎಳೆಗಳಿಗೆ ಗಂಟು ಹಾಕಿದೆ.

ಮೂಲೆಯಲ್ಲಿ ಅತ್ತೆ ರಾಟಿ ತಿರುಗಿಸುತ್ತ ನೂಲು ಸುತ್ತುತ್ತಿದ್ದಳು. ಮಗನ ಹೊಸ ಮನೆಗೆ ಹೋಗಲೊಲ್ಲದೆ ನನ್ನ ಜೊತೆಯೇ ಉಳಿದಿದ್ದಳು, ಆದರೆ ನಾನು ಕೋರ್ಟಿನ ಮೆಟ್ಟಿಲು ಹತ್ತಿದ ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಳು. ರಾಟಿಯ ಸದ್ದು ನಿಂತಿತು. ಅವಳು ಬಂದು ನನ್ನೆದುರು ಕೂತಳು, ನನ್ನ ಬೆರಳಿನಿಂದ ಕೊಂಡಿ ಬಿಡಿಸಿಕೊಂಡಳು. ಗಂಡ ಗಾಬರಿಯಾಗಿ, ಏಳವ್ವಾ, ಇದು ನಿನಗೆ ಸಂಬಂಧವಿಲ್ಲದ್ದು ಎಂದ.

"ನಿನಗ ತೆನಿ ಕಲಿಸಿದಾಕಿ ನಾ, ಆಕಿಗೂ ನಾನ ಕಲಿಸೇನಿ" ಎಂದಳು ಅತ್ತೆ. "ಕುಂತಾಕಿನ್ನ ನಡುವ ಎಬ್ಬಸಬ್ಯಾಡ."

ತೆನಿಗೆ ಕೂತವರನ್ನು ನಡುವೆ ಎಬ್ಬಿಸುವುದು ನಮ್ಮಲ್ಲಿ ಇಲ್ಲ. ಎದ್ದರೆ ಬಿಗಿ ಹೋಗಿ ಕೂಡಿಸಿದ್ದೆಲ್ಲ ಕೆಡುತ್ತದೆ. ಹಿರಿಯರೂ ನೇಕಾರರೇ, ಬಾಯಿ ಮುಚ್ಚಿ ಕಟ್ಟೆಯ ಮೇಲೆ ಕೂತರು. ಬಿಸಿಲು ಅಂಗಳ ದಾಟಿ ಹೋಯಿತು. ಅವರಿಗೆ ಚಹಾ ಮಾಡಿಕೊಡುವವರೂ ಇರಲಿಲ್ಲ. ಮನೆಯ ಹೆಂಗಸರಿಬ್ಬರೂ ಹಾಸಿನ ಮುಂದೆ ಕೂತಿದ್ದೆವಲ್ಲ. ನನಗೆ ಒಳಗೊಳಗೇ ಬಹಳ ಖುಷಿಯಾಯಿತು, ಮುಚ್ಚಿಡುವುದೇಕೆ.

ಕೊನೆಯ ಎಳೆ ಕೂಡಿದ ಮೇಲೆ ಹಿರಿಯರು ಬಗ್ಗಿ ಅಂಚಿನಿಂದ ಅಂಚಿಗೆ ಬೆರಳಾಡಿಸಿ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ, ಮಗ್ಗ ಬಿಟ್ಟು ಬರೆಸು ಎಂದರು. ಸಾವಕಾರ ಗೊಣಗಿದ, ಒಪ್ಪಿದ. ಸೀರೆ ನೆಯ್ದು ಇಳಿಸಿದ ಮರುದಿನ ಹುನಗುಂದದ ರಿಜಿಸ್ಟರ್ ಕಚೇರಿಗೆ ಹೋದೆವು. 'ಮಗ್ಗ ಬಿಟ್ಟು' ಎಂದಿದ್ದ ಸಾಲನ್ನು ಬರಹಗಾರನಿಂದ ಮೂರು ಸಲ ಓದಿಸಿ ಕೇಳಿಯೇ ಸಹಿ ಹಾಕಿದೆ. ಮೂರನೆಯ ಸಲ ಬರಹಗಾರನಿಗೂ ಸಿಟ್ಟು ಬಂದಿತ್ತು.

ಮಗ್ಗ ಬಿಚ್ಚಿ ಗಾಡಿಗೆ ಹೇರಿದೆ. ಬಾಡಿಗೆಗೆ ಹಿಡಿದ ಖೋಲಿಯಲ್ಲಿ ಮಾಲಕರನ್ನು ಕಾಡಿ ಬೇಡಿ ಒಪ್ಪಿಸಿ, ನಾನೇ ಗುದ್ದಲಿ ಹಿಡಿದು ಕುಣಿ ತೋಡಿದೆ. ಅತ್ತೆ ಗಂಟು ಕಟ್ಟಿಕೊಂಡು ಮಗನ ಜೊತೆ ಬಾದಾಮಿಗೆ ಹೋದಳು. ಹೋಗುವಾಗಲೂ ನನ್ನೊಡನೆ ಮಾತು ಬಿಟ್ಟೇ ಇದ್ದಳು. ಅವತ್ತೊಂದು ದಿನ ಅತ್ತೆ ಕೂತಳು, ಮುಂದೆ ಯಾರು ಕೂರುತ್ತಾರೆ ನೋಡೋಣ ಎಂದು ಓಣಿ ಆಡಿಕೊಂಡಿತು.

ಅಷ್ಟರಲ್ಲಿ ಕೋರ್ಟಿನ ತೀರ್ಪೂ ಬಂತು. ಹೊಸ ಖೋಲಿಯ ಮೊದಲ ಹಾಸು ಹೂಡಿ, ಪಕ್ಕದ ಮನೆಯವಳನ್ನು ತೆನಿಗೆ ಕರೆಯಲು ಹೊರಟಿದ್ದೆ. ಬಾಗಿಲಲ್ಲಿ ಅತ್ತೆ ನಿಂತಿದ್ದಳು, ಬಾದಾಮಿ ಬಸ್ಸಿನ ಧೂಳು ಹೊತ್ತುಕೊಂಡು. ಮಗನಿಗೆ ಹೇಳಿ ಬಂದಳೋ ಇಲ್ಲವೋ, ನಾನು ಕೇಳಲಿಲ್ಲ. ಕೋರ್ಟು ನನಗೂ ಅವನಿಗೂ ಬಿಡುಗಡೆ ಕೊಟ್ಟಿತ್ತು. ನನಗೂ ಅತ್ತೆಗೂ ಕೊಡುವುದು ಅದರ ಅಪ್ಪನಿಂದಲೂ ಆಗುತ್ತಿರಲಿಲ್ಲ. ಅವಳು ನೀರು ಕುಡಿದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಹಾಸಿನ ಆಚೆ ಬದಿಗೆ ಕೂತಳು.

"ಹೂಂ, ಹಿಡಿ" ಎಂದಳು.